ಕೊನೆಯ ಅಧ್ಯಾಯದಂತೆ ನನಗೆ ಆಗುತ್ತಿಲ್ಲ

ಪ್ರಶ್ನೆ: ಅಕ್ಕಾ, ನಾನು ಅಂಕೋಲಾ ಕಡೆಯವಳು. ವಯಸ್ಸು 34, ಟೈಲರಿಂಗ್ ಮಾಡುತ್ತೇನೆ. ಚಿಕ್ಕಂದಿನಲ್ಲಿ ಅಪ್ಪ ಕುಡಿದು ಬಂದು ಆಯಿಗೆ ಹೊಡೆಯುತ್ತಿದ್ದ. ನಾನೂ ತಮ್ಮನೂ ಕೊಟ್ಟಿಗೆಯಲ್ಲಿ ಅಡಗಿ ಕೂರುತ್ತಿದ್ದೆವು. ಆಯಿ ಈಗಿಲ್ಲ. ಅಪ್ಪನಿಗೆ ಲಕ್ವ ಹೊಡೆದಿದೆ, ತಮ್ಮನ ಮನೆಯಲ್ಲಿದ್ದಾನೆ. ಇಂಥ ಮನೆಗಳ ಕಥೆಯಿರುವ ಕಾದಂಬರಿ ಸಿಕ್ಕರೆ ನಾನು ಬಿಡುವುದಿಲ್ಲ. ನಮ್ಮ ಮನೆಯವರು "ಅದೇ ಗೋಳು ಮತ್ತೆ ಯಾಕೆ ಓದ್ತೀಯಾ" ಅಂತಾರೆ. ನನ್ನ ತೊಂದರೆ ಬೇರೆ. ಕೊನೆಯಲ್ಲಿ ಮಗಳು ಅಪ್ಪನ ಕೈ ಹಿಡಿದು ಅಳುತ್ತಾಳೆ, ಎಲ್ಲ ಸರಿಹೋಗುತ್ತದೆ. ನನಗೆ ಹಾಗಾಗುತ್ತಲೇ ಇಲ್ಲ. ನನ್ನ ಮನಸ್ಸು ಕಲ್ಲಾ?

ಉತ್ತರ: ತಂಗಿ, ಕಾರವಾರದಲ್ಲಿ 26 ವರ್ಷ ಕಾದಂಬರಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದವಳು ನಾನು. ನೀನು ಹೇಳುವ ಆ ಕೊನೆಯ ಅಧ್ಯಾಯ ನನಗೆ ಬಾಯಿಪಾಠ. ಆಸ್ಪತ್ರೆಯ ಮಂಚ, ಹೊರಗೆ ಮಳೆ, ಅಪ್ಪನ ಕಣ್ಣಲ್ಲಿ ನೀರು. ಆ ಮಳೆ ಯಾಕೆ ಬೇಕೋ ನಾ ಕಾಣೆ. ನಮ್ಮಲ್ಲಂತೂ ನಾಲ್ಕು ತಿಂಗಳು ಸುರಿಯುತ್ತದೆ, ಅದರಿಂದ ಬದಲಾದ ಗಂಡಸನ್ನು ನೋಡಿಲ್ಲ. ಇಂಥ ಕಾದಂಬರಿಗಳಲ್ಲಿ ಎಷ್ಟೋ ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದವು. ವಾರವಾರ ಕಾದು ಓದಿದವರನ್ನು ಕೊನೆಯ ಕಂತಿನಲ್ಲಿ ಅಳಿಸಿ, ಸಮಾಧಾನ ಮಾಡಿ ಕಳಿಸಬೇಕಲ್ವಾ? ಪತ್ರಿಕೆಯವರ ಅವಸರವನ್ನು ನೀನು ಯಾಕೆ ಹೊತ್ತುಕೊಳ್ಳುತ್ತೀ?

ಅಂಗಡಿಯಲ್ಲಿ ನನಗೊಂದು ಚಾಳಿಯಿತ್ತು. ವಾಪಸ್ ಬಂದ ಪುಸ್ತಕದಲ್ಲಿ ಯಾವ ಪುಟ ಜಾಸ್ತಿ ಮಾಸಿದೆ ಅಂತ ನೋಡುವುದು. ಕೊನೆಯ ಪುಟಗಳು ಹೊಸದರಂತೆ ಇರುತ್ತಿದ್ದವು. ಅರಿಸಿನದ ಬೆರಳು, ಎಣ್ಣೆಯ ಕಲೆ, ಮಡಚಿದ ಮೂಲೆ ಎಲ್ಲ ನಡುವೆ. ಒಂದು ಕಾದಂಬರಿಯಲ್ಲಿ ಪೆಟ್ಟು ತಿಂದ ರಾತ್ರಿ ಕಳೆದು ತಾಯಿ ಎದ್ದು ಒಲೆ ಹಚ್ಚುತ್ತಾಳೆ. ಊದಿದ ತುಟಿಗೆ ಬಿಸಿ ತಾಗದ ಹಾಗೆ ಚಹಾ ಆರಿಸಿ ಕುಡಿಯುತ್ತಾಳೆ. ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಾಳೆ. ಅಷ್ಟೇ. ಆ ಹಾಳೆಗೆ ನಾನು ಎರಡು ಸಲ ಟೇಪ್ ಹಚ್ಚಿದ್ದೆ. ಮೀನು ಮಾರುವ ಹೆಂಗಸೊಬ್ಬಳು ಮಗಳ ಕೈಲಿ ಓದಿಸಿಕೊಂಡು ಕೇಳುತ್ತಿದ್ದಳು. ಆ ಪುಸ್ತಕವನ್ನು ಪೂರ್ತಿ ಮುಗಿಸದೇ ತಂದುಕೊಟ್ಟಳು. "ಕಡೀದು ಬ್ಯಾಡ ಬಾಯೋರೆ. ಹುಡ್ಗಿ ಶಾಲಿಗೆ ಹೋದ್ಲಲ್ಲ, ಸಾಕು" ಅಂದಳು.

ನಮ್ಮ ಮನೆಯೂ ಅಂಥದ್ದೇ. ಅಪ್ಪನ ದನಿ ಏರಿದ ಕೂಡಲೇ ಆಯಿ ರೇಡಿಯೋ ಜೋರು ಮಾಡುತ್ತಿದ್ದಳು. ಆಚೆ ಮನೆಯವರಿಗೆ ಧಾರವಾಡ ಆಕಾಶವಾಣಿ ಕೇಳಬೇಕು, ನಮ್ಮ ಮನೆಯ ಗಲಾಟೆ ಕೇಳಬಾರದು. ಈಗಲೂ ಯಾರಾದರೂ ರೇಡಿಯೋ ಸದ್ದು ಏರಿಸಿದರೆ ನನ್ನ ಹೊಟ್ಟೆ ಹಿಂಡುತ್ತದೆ. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಒಂದು ಕಾದಂಬರಿಯಲ್ಲಿ ಗಂಡ ಕೂಗಾಡುವಾಗ ಓಡಿಹೋಗಿ ಕಿಟಕಿ ಮುಚ್ಚುವ ತಾಯಿ ಬಂದಳು. ಓ, ಬೇರೆ ಮನೆಯಲ್ಲೂ ಇದೆ ಅಂತ ಅವತ್ತು ಗೊತ್ತಾಯ್ತು. ನಿಮ್ಮ ಮನೆಯವರು ಮತ್ತೆ ಕೇಳಿದರೆ, ಆ ಕಿಟಕಿ ಹುಡುಕುತ್ತಿದ್ದೇನೆ ಅನ್ನು.

ಸರಿಹೋಗದ ಕಥೆಗಳೂ ಇವೆ. ತ್ರಿವೇಣಿಯವರ 'ಶರಪಂಜರ'ದಲ್ಲಿ ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರು ಮಾತ್ರ ಅವಳನ್ನು ಹುಚ್ಚಿಯಂತೆಯೇ ನೋಡುತ್ತಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ್ದು ಇದನ್ನೇ. ಎರಡು ಪ್ರತಿ ಇಟ್ಟರೂ ನನ್ನ ಅಂಗಡಿಯಲ್ಲಿ ಸಾಲುತ್ತಿರಲಿಲ್ಲ.

ಓದಿದ ರಾತ್ರಿ ನಿದ್ದೆ ಬರದಿದ್ದರೆ, ಕೈಕಾಲು ನಡುಗಿದರೆ ಪುಸ್ತಕ ಪಕ್ಕಕ್ಕಿಡು. ಅದು ಹಾಗೇ ಮುಂದುವರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿನಲ್ಲಾದರೂ ಸರಿ.

ಇನ್ನು ಅಪ್ಪ. ಔಷಧಿಗೆ ದುಡ್ಡು ಕೊಡುವುದು ಬೇರೆ, ಕ್ಷಮಿಸುವುದು ಬೇರೆ. ತಮ್ಮನ ಮೇಲೇ ಎಲ್ಲ ಬಿಡಬೇಡ, ಆದಷ್ಟು ಕೊಡು. ಮಂಚದ ಹತ್ತಿರ ಕೂರಲು ಮನಸ್ಸು ಬರದಿದ್ದರೆ ಹೊರಗೆ ಜಗಲಿಯಲ್ಲಿ ಕೂತು ಬಾ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ತಮ್ಮ ಏನು ಹೇಳುತ್ತಾನೆ ಅನ್ನುವುದೇ ಇಲ್ಲ. ಕೊಟ್ಟಿಗೆಯಲ್ಲಿ ನಿನ್ನ ಜೊತೆ ಕೂತವನು ಅವನೊಬ್ಬನೇ. ಈಗ ಅದೇ ಅಪ್ಪನಿಗೆ ದಿನಾ ಗಂಜಿ ಕುಡಿಸುವವನೂ ಅವನೇ. ಆ ರಾತ್ರಿಗಳ ಮಾತು ಅವನ ಹತ್ತಿರ ಎಂದಾದರೂ ಆಡಿದ್ದೀಯಾ?