ಗೋಪುರ ಆಮೇಲೆ, ಮೊದಲು ಒಂದು ಗೆರೆ

ಓದುಗರ ಪತ್ರ (ಸಂಕ್ಷಿಪ್ತ): ಖಾಸಗಿ ಶಾಲೆಯಲ್ಲಿದ್ದ ಕೆಲಸ ಹೋಗಿ ಮೂರು ತಿಂಗಳಾಯಿತು. ಬೆಳಿಗ್ಗೆ ಎದ್ದರೂ ಹಾಸಿಗೆ ಬಿಡಲು ಮನಸ್ಸಿಲ್ಲ. ಎಲ್ಲರೂ ‘ಏನಾದರೂ ಹವ್ಯಾಸ ಇಟ್ಟುಕೋ’ ಅನ್ನುತ್ತಾರೆ. ಕೀಬೋರ್ಡ್ ತಂದೆ, ಒಂದು ವಾರ. ಯೋಗ ತರಗತಿಗೆ ದುಡ್ಡು ಕಟ್ಟಿದೆ, ನಾಲ್ಕು ದಿನ. ಅಜ್ಜಿಯ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ನೋಡಿ ಆಸೆಯಾಗಿ ಕಸೂತಿ ಸಾಮಾನು ತಂದು ಗೋಪುರದ ಚಿತ್ತಾರ ಶುರು ಮಾಡಿದೆ. ಗೆರೆಗಳು ಒಂದಕ್ಕೊಂದು ಕೂಡಲೇ ಇಲ್ಲ, ಹಿಂಬದಿಯೆಲ್ಲ ಗೋಜಲು. ಮಡಚಿ ಕಪಾಟಿಗೆ ಹಾಕಿದ್ದೇನೆ. ಹವ್ಯಾಸಕ್ಕೂ ನಾನು ಲಾಯಕ್ಕಿಲ್ಲವೇ?

ಸಂಪಾದಕರ ಉತ್ತರ:

ಪ್ರಿಯ ಸೋದರಿ,

ನಿಮ್ಮ ಕೊನೆಯ ಸಾಲು ನಮ್ಮನ್ನು ಬಹಳ ಕಾಡಿತು. ಲಾಯಕ್ಕಿನ ಮಾತೇ ಇಲ್ಲಿ ಬರುವುದಿಲ್ಲ. ನೀವು ಆರಿಸಿದ ಕಲೆ ಸರಿಯಾಗಿದೆ, ಶುರು ಮಾಡಿದ ಜಾಗ ತಪ್ಪಾಗಿದೆ, ಅಷ್ಟೇ.

ಮನಸ್ಸು ಕುಗ್ಗಿದಾಗ ನಾವು ಕೆಲಸಗಳನ್ನು ಒಂದೊಂದಾಗಿ ಬಿಡುತ್ತೇವೆ. ಬಿಟ್ಟಷ್ಟೂ ‘ಇದು ನನ್ನಿಂದಾಯಿತು’ ಅನ್ನಿಸುವ ಗಳಿಗೆಗಳು ಕಡಿಮೆಯಾಗುತ್ತವೆ, ಮನಸ್ಸು ಇನ್ನಷ್ಟು ಇಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್ಸನ್ 1970ರ ದಶಕದಲ್ಲಿ ಈ ಸುಳಿಯನ್ನು ವಿವರಿಸಿದರು. ಅದರಿಂದ ಬೆಳೆದ ಚಿಕಿತ್ಸಾಕ್ರಮಕ್ಕೆ ಬಿಹೇವಿಯರಲ್ ಆ್ಯಕ್ಟಿವೇಶನ್ ಎಂದು ಹೆಸರು. ಅದರ ತಿರುಳು ಇದು: ಮನಸ್ಸು ಬರಲಿ ಎಂದು ಕಾಯಬಾರದು. ಮೊದಲು ಕೈ ಆಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಆದ್ದರಿಂದ ಕೈಗೆ ಕೊಡುವ ಕೆಲಸ ತೀರಾ ಬೇಸರದ ದಿನವೂ ಮುಗಿಯುವಷ್ಟು ಚಿಕ್ಕದಿರಬೇಕು. ತಪ್ಪಾದರೆ ಎಲ್ಲಿ ತಪ್ಪಾಯಿತು ಎಂದು ಕಣ್ಣಿಗೆ ಕಾಣಬೇಕು, ಬಿಚ್ಚಿ ಸರಿಮಾಡಲು ಬರಬೇಕು. ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯಿದೆ, ಹೋಗಿ ಅದೇ ದಾರಿಯಲ್ಲಿ ಮರಳಿ ಬಂದು ಗೆರೆ ತುಂಬಿಸುವುದು. ಅದರ ಒಂದು ಗೆರೆಯಲ್ಲಿ ಇವೆಲ್ಲ ಇವೆ. ಗೋಪುರದಲ್ಲಿ ಇಲ್ಲ.

ಹೊಸದಾಗಿ ತರಬೇಕಾದ್ದು ಹೆಚ್ಚೇನಿಲ್ಲ. ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ, ತಿಳಿ ಬಣ್ಣದ್ದು, ಎಂಟು ಇಂಚಿನ ಚೌಕ. ಅಂಚು ಬಿಚ್ಚಿಕೊಳ್ಳದಂತೆ ಮೊದಲೇ ಮಡಚಿ ಹೊಲಿದುಬಿಡಿ. ಚಂದ್ರಕಾಳಿಯ ಕಪ್ಪಿನ ಮೇಲೆ ಕಲಿಯಲು ಹೋಗಬೇಡಿ, ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸುವುದು ಪಳಗಿದ ಕಣ್ಣಿಗೂ ಕಷ್ಟ. ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ, ಎರಡನ್ನು ಮಾತ್ರ ಬೇರ್ಪಡಿಸಿಕೊಳ್ಳಿ. ಉದ್ದ ಒಂದು ಮೊಳ ಸಾಕು. ಅದಕ್ಕಿಂತ ಉದ್ದವಾದರೆ ಹುರಿಗೊಂಡು ಗಂಟು ಬೀಳುತ್ತದೆ. ಸೂಜಿ 24ನೇ ನಂಬರಿನದು, ಮೊಂಡು ತುದಿಯದೇ ಆಗಬೇಕು. ಯಾಕೆಂದರೆ ಮರಳಿ ಬರುವಾಗ ಚೂಪು ಸೂಜಿ ಮೊದಲು ಹಾಕಿದ ದಾರವನ್ನೇ ಸೀಳಿಕೊಂಡು ಹೋಗುತ್ತದೆ, ಆಮೇಲೆ ಬಿಚ್ಚಲು ಬರುವುದಿಲ್ಲ.

ಮ್ಯಾಟಿಯಲ್ಲಿ ಎಳೆಗಳು ಜೋಡಿಜೋಡಿಯಾಗಿ ಕಾಣುತ್ತವೆ. ಒಂದು ಜೋಡಿಯನ್ನು ಒಂದು ಮನೆ ಎಂದು ಎಣಿಸಿ. ಗಂಟು ಹಾಕಬೇಡಿ, ಕಸೂತಿಯಲ್ಲಿ ಗಂಟಿಗೆ ಜಾಗವಿಲ್ಲ. ಎರಡು ಇಂಚು ದಾರವನ್ನು ಹಿಂದೆ ಬಾಲದಂತೆ ಬಿಟ್ಟು ಸೂಜಿಯನ್ನು ಮೇಲೆ ತನ್ನಿ. ಎರಡು ಮನೆ ದಾಟಿ ಕೆಳಗೆ, ಎರಡು ಮನೆ ದಾಟಿ ಮೇಲೆ. ಹೀಗೆ ನಲವತ್ತು ಮನೆ ಹೋದರೆ ಮುಂಬದಿಯಲ್ಲಿ ಹತ್ತು ಹೊಲಿಗೆ, ನಡುನಡುವೆ ಹತ್ತು ಖಾಲಿ. ಈಗ ಬಂದ ದಾರಿಯಲ್ಲೇ ತಿರುಗಿ, ಅವೇ ರಂಧ್ರಗಳಲ್ಲಿ, ಖಾಲಿ ತುಂಬಿಸುತ್ತ ಬನ್ನಿ. ಗೆರೆ ಮುಗಿದಾಗ ಬಟ್ಟೆ ಮಗುಚಿ ನೋಡಿ: ಮುಂದೆ ಕಂಡದ್ದೇ ಹಿಂದೆಯೂ ಕಾಣಬೇಕು. ದಾರದ ತುದಿಗಳನ್ನು ಅದೇ ಹೊಲಿಗೆಗಳ ನಡುವೆ ನುಸುಳಿಸಿ ಕತ್ತರಿಸಿ.

ಹೋಗುವಾಗ ಗೆರೆ ಹರಿದುಹೋದಂತೆ, ಅಡ್ಡಾದಿಡ್ಡಿ ಅನ್ನಿಸುತ್ತದೆ. ಅದು ತಪ್ಪಲ್ಲ, ಅರ್ಧ ದಾರಿ. ನೀವು ಗೋಪುರ ಬಿಟ್ಟದ್ದು ಈ ಹಂತದಲ್ಲೇ ಇರಬಹುದು.

ಮೊದಲ ವಾರ ದಿನಕ್ಕೆ ಇಂಥ ಒಂದು ಗೆರೆ. ಎರಡನೇ ವಾರ ಪ್ರತಿ ಬದಿಗೆ ನಾಲ್ಕು ಹೊಲಿಗೆಯ ಚೌಕ. ಅದನ್ನು ಸುತ್ತಿ ಹೊರಟ ಜಾಗಕ್ಕೆ ಬಂದು, ಅಲ್ಲಿಂದ ಹಿಂದಿರುಗಿ ತುಂಬಿಸಬೇಕು. ನಾಲ್ಕನೇ ಮೂಲೆ ಕೂಡಲಿಲ್ಲವೆಂದರೆ ಎಲ್ಲೋ ಎರಡರ ಬದಲು ಒಂದೋ ಮೂರೋ ಮನೆ ಎಣಿಸಿದ್ದೀರಿ. ಒಂದು ಮನೆ ತಪ್ಪಿದರೆ ಮುಂದಿನದೆಲ್ಲ ಜರುಗುತ್ತದೆ. ಆದ್ದರಿಂದ ಪ್ರತಿ ಐದು ಹೊಲಿಗೆಗೊಮ್ಮೆ ನಿಲ್ಲಿಸಿ ಎಣಿಸಿ. ಬಿಚ್ಚುವಾಗ ಕತ್ತರಿ ಬೇಡ. ದಾರವನ್ನು ಸೂಜಿಯಿಂದ ತೆಗೆದು, ಸೂಜಿಯ ಹಿಂತುದಿಯಿಂದ ಒಂದೊಂದೇ ಹೊಲಿಗೆ ಎತ್ತುತ್ತ ತಪ್ಪಿನವರೆಗೆ ಮಾತ್ರ ಹಿಂದೆ ಬನ್ನಿ. ಬಟ್ಟೆ ಸುಕ್ಕುಗಟ್ಟಿದರೆ ದಾರ ಬಿಗಿಯಾಗಿ ಎಳೆದಿದ್ದೀರಿ. ದಾರ ಹುರಿಗೊಂಡರೆ ಬಟ್ಟೆ ಮೇಲೆತ್ತಿ ಸೂಜಿಯನ್ನು ಜೋತುಬಿಡಿ, ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ.

ಇನ್ನು ಮನಸ್ಸಿನ ಕಡೆಯ ತಯಾರಿ. ‘ಸಮಯ ಸಿಕ್ಕಾಗ’ ಎಂದರೆ ಆಗುವ ಕೆಲಸವಲ್ಲ. ಬೆಳಗಿನ ಚಹಾ ಮುಗಿದು ಲೋಟ ಕೆಳಗಿಟ್ಟ ಕೂಡಲೇ ಹತ್ತು ನಿಮಿಷ, ಕಿಟಕಿಯ ಪಕ್ಕ. ಭಾನುವಾರವೇ ಆರು ಸೂಜಿಗೆ ದಾರ ಪೋಣಿಸಿ ಬಟ್ಟೆಗೆ ಚುಚ್ಚಿಡಿ. ಕುಗ್ಗಿದ ದಿನ ದಾರ ಪೋಣಿಸುವುದೇ ಬೆಟ್ಟವಾಗುತ್ತದೆ, ಆ ಬೆಟ್ಟವನ್ನು ಮೊದಲೇ ಕಡಿದಿಟ್ಟಿರಬೇಕು. ಬಟ್ಟೆ ಕಪಾಟಿನೊಳಗೆ ಬೇಡ, ಕಣ್ಣೆದುರು ಇರಲಿ. ಹತ್ತು ನಿಮಿಷ ಆಗದಿದ್ದರೆ ಐದೇ ಹೊಲಿಗೆ ಹಾಕಿ ಎದ್ದುಬಿಡಿ. ಎರಡು ದಿನ ತಪ್ಪಿತೋ, ಮೂರನೇ ದಿನ ಮೂರು ಗೆರೆ ಹಾಕಿ ಸಾಲ ತೀರಿಸಲು ಹೋಗಬೇಡಿ. ಅಂದಿನ ಗೆರೆ ಒಂದೇ.

ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಕೂರುವ ಮೊದಲು ಮನಸ್ಸು ಹತ್ತಕ್ಕೆ ಎಷ್ಟು, ಎದ್ದಾಗ ಎಷ್ಟು ಎಂದು ಬರೆಯಿರಿ. ಮೊದಲ ದಿನಗಳಲ್ಲಿ ಎರಡೂ ಅಂಕಿ ಒಂದೇ ಇದ್ದರೆ ಎದೆಗುಂದಬೇಡಿ. ಹದಿನಾಲ್ಕು ದಿನ ತುಂಬುವವರೆಗೆ ಹಿಂದಿನ ಪುಟ ತಿರುವಬೇಡಿ. ಯಾವ ದಿನ ಏರಿದೆ, ಅಂದು ಬೇರೇನು ಮಾಡಿದ್ದಿರಿ ಎಂದು ಆಮೇಲೆ ಒಟ್ಟಿಗೆ ನೋಡಿ.

ಮೊಬೈಲಿನಲ್ಲಿ ಬೇರೆಯವರ ಕಸೂತಿ ನೋಡುತ್ತ ಕೂರುವುದು ಕಸೂತಿಯಲ್ಲ. ಅದು ನಿಮ್ಮ ಹತ್ತು ನಿಮಿಷವನ್ನೂ ನುಂಗಿ, ಅವರ ಮುಗಿದ ಸೀರೆಯನ್ನು ನಿಮ್ಮ ಒಂದು ಗೆರೆಯ ಪಕ್ಕ ತಂದಿಡುತ್ತದೆ. ‘ಆರ್ಡರ್ ತಗೋ, ನಾಲ್ಕು ಕಾಸು ಬರುತ್ತೆ’ ಅನ್ನುವವರೂ ಸಿಗುತ್ತಾರೆ. ಸದ್ಯಕ್ಕೆ ಬೇಡವೇ ಬೇಡ. ಕೆಲಸ ಕಳೆದುಕೊಂಡ ನೋವಿಗೆ ಇನ್ನೊಂದು ಗಡುವು ಸೇರಬಾರದು. ಕೆಲಸ ಹುಡುಕಲು ದಿನದಲ್ಲಿ ಬೇರೆ ಗಂಟೆ ಇಡಿ, ಎರಡನ್ನೂ ಬೆರೆಸಬೇಡಿ. ವಾರಕ್ಕೊಮ್ಮೆ ಬಟ್ಟೆ ಎತ್ತಿಕೊಂಡು ಓಣಿಯಲ್ಲಿ ಹೊಲಿಗೆ ಬಲ್ಲ ಹಿರಿಯರ ಜೊತೆ ಕೂತು ಬನ್ನಿ. ಮನೆಯಿಂದ ಹೊರಡುವುದಕ್ಕೂ ಅದು ನೆಪ.

ಒಂದು ಮಾತನ್ನು ನೇರವಾಗಿ ಹೇಳಲೇಬೇಕು. ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ ಊಟ ಕೆಡುವುದು ಎರಡು ವಾರ ಮೀರಿದ್ದರೆ ಅದು ಖಿನ್ನತೆಯಾಗಿರಬಹುದು. ಸೂಜಿ ದಾರ ಅದಕ್ಕೆ ಜೊತೆ, ಮದ್ದಲ್ಲ. ನೀವು ಬರೆದಿರುವುದು ಮೂರು ತಿಂಗಳ ಮಾತು, ಹಾಗಾಗಿ ಈ ವಾರವೇ ವೈದ್ಯರನ್ನು ಕಾಣಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ನಿಮ್ಮ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ. ಹೊರಡುವ ಮೊದಲು ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರಂತೂ ಒಂದು ಗಳಿಗೆಯೂ ತಡಮಾಡದೆ ಮನೆಯವರಿಗೆ ಹೇಳಿ, ಕರೆ ಮಾಡಿ.

ಕಪಾಟಿನಲ್ಲಿರುವ ಗೋಪುರವನ್ನು ಎಸೆಯಬೇಡಿ. ಒಂದು ತಿಂಗಳ ಬಳಿಕ ತೆಗೆದು ಮೊದಲು ಬುಡದ ಗೆರೆ ಎಣಿಸಿ, ಮೇಲಿನದು ಕೂಡದಿದ್ದರೆ ತಪ್ಪು ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಹಿಂಬದಿ ಗೋಜಲಾಗಿದ್ದಕ್ಕೆ ಕಾರಣ ಬಹುಶಃ ಬೇರೆ: ಮುಖ್ಯ ಗೆರೆಯಿಂದ ಕೊಂಬೆಯಂತೆ ಪಕ್ಕಕ್ಕೆ ಒಡೆಯುವ ಗೆರೆಗಳನ್ನು ಹೋಗುವಾಗಲೇ ಹೊಲಿದು, ಕೊಂಬೆಯ ತುದಿ ಮುಟ್ಟಿ ಮರಳಿ ಬಂದು, ಆಮೇಲೆ ಮುಂದೆ ಸಾಗಬೇಕು. ಹೋಗುವಾಗಲೂ ಬರುವಾಗಲೂ ಕೊಂಬೆ ಬಿಟ್ಟು ಆಮೇಲೆ ಅದನ್ನು ಹೊಲಿಯಹೋದರೆ ದಾರ ಹಿಂದೆ ಅಡ್ಡ ಜಿಗಿಯುತ್ತದೆ. ಬಟ್ಟೆ ಮಗುಚಿ ನೋಡಿ, ಆ ಜಿಗಿತಗಳು ಓರೆ ಗೆರೆಗಳಾಗಿ ಕಾಣುತ್ತವೆ. ಮೊದಲ ಜಿಗಿತದವರೆಗೆ ಬಿಚ್ಚಿ ಬಂದರೆ, ಅದಕ್ಕಿಂತ ಮೊದಲು ಹೊಲಿದದ್ದನ್ನು ಹಾಗೇ ಇಟ್ಟು ಅಲ್ಲಿಂದ ಮುಂದುವರಿಸಬಹುದು.