ವರ್ಮಿನ್‌ಟೈಡ್ 2: ಕೆರಿಲಿಯನ್‌ಗೆ ಜೋಡಿ ಕಠಾರಿ ಒಳ್ಳೆಯದಾ, ಜೋಡಿ ಕತ್ತಿಯಾ?

ವರ್ಮಿನ್‌ಟೈಡ್ 2 ಅಂದರೆ ನಾಲ್ವರು ಕೂಡಿ ಇಲಿ-ಮನುಷ್ಯರಂಥ ಶತ್ರುಗಳ ವಿರುದ್ಧ ಹೋರಾಡುವ ವಿಡಿಯೋ ಗೇಮ್, ಕೆರಿಲಿಯನ್ ಅದರಲ್ಲಿನ ಎಲ್ಫ್ ಪಾತ್ರ. ಎರಡೂ ಚುರುಕಾದ ಆಯುಧಗಳೇ. ವೇಗದ ಮಾತು ಬಿಡಿ, ಎದುರಿಗೆ ಯಾರಿದ್ದಾರೆ ನೋಡಿ.

ಇಲಿಗಳ ಹಿಂಡು ನುಗ್ಗಿದಾಗ ಜೋಡಿ ಕತ್ತಿಯೇ ಸರಿ. ಹೆವಿ ಅಟ್ಯಾಕ್ (ಬಟನ್ ಒತ್ತಿ ಹಿಡಿದು ಬಿಡುವ ಜೋರು ಏಟು) ಅಡ್ಡಡ್ಡ ಬೀಸುತ್ತದೆ, ಒಂದೇ ಏಟು ಹಲವರಿಗೆ ತಾಗುತ್ತದೆ. ಆದರೆ ಕವಚ ತೊಟ್ಟ ಸ್ಟಾರ್ಮ್‌ವರ್ಮಿನ್ ಎಂಬ ದೊಡ್ಡ ಇಲಿ ಬಂದರೆ ಸುಮ್ನೆ ಗೀರಿದ ಹಾಗೆ, ಅಷ್ಟೇ.

ಕಠಾರಿ ಕೆಲಸಕ್ಕೆ ಬರುವುದು ಅಲ್ಲೇ. ಬಟನ್ ಒತ್ತಿ ಹಿಡಿದು ಬಿಟ್ಟರೆ ಆ ಚುಚ್ಚು ಕವಚಕ್ಕೂ ನಾಟುತ್ತದೆ. ಬೆನ್ನ ಹಿಂದೆ ಸರಿದು ಚುಚ್ಚಿದರೆ ಏಟು ಇನ್ನೂ ಜಾಸ್ತಿ. ಕೆರಿಲಿಯನ್‌ನ ಶೇಡ್ ಕರಿಯರ್ (ಬೆನ್ನ ಹಿಂದಿನಿಂದ ಹೊಡೆಯುವುದರಲ್ಲಿ ನಿಪುಣ ಬಗೆ) ಆಡುವವರಿಗೆ ಇದು ಹೇಳಿ ಮಾಡಿಸಿದ್ದು. ಹಿಂಡಿನ ನಡುವೆ ಸಿಕ್ಕಿಕೊಂಡರೆ ಮಾತ್ರ ಡಾಡ್ಜ್ ಮಾಡುತ್ತಲೇ (ಏಟು ತಪ್ಪಿಸಿ ಸರಿಯುತ್ತಲೇ) ಇರಬೇಕು, ತಳ್ಳಿ ನಿಲ್ಲಿಸುವ ತಾಕತ್ತು ಇದಕ್ಕಿಲ್ಲ.

ಕತ್ತಿ-ಕಠಾರಿ ಜೋಡಿಯೂ ಇದೆ, ಎರಡರ ನಡುವಿನದು. ನಾಲ್ವರ ತಂಡದಲ್ಲಿ ಹಿಂಡು ಸವರಲು ಬೇರೆಯವರಿದ್ದರೆ ನಾನಂತೂ ಕಠಾರಿಯನ್ನೇ ಹಿಡಿಯುತ್ತೇನೆ.