ಮೊರಕ್ಕೆ ಬೀಳದ ಕಾಳು

ಮಹಿಳೆಯರಿಂದ ಟ್ರಂಪೆಟ್ಟಿಗೆ ಹೊಸ ಕೃತಿಗಳನ್ನು ಬರೆಸುತ್ತಿರುವ ಅಮೆರಿಕದ ವಾದಕಿ, ಅಧ್ಯಾಪಕಿ ಮೇರಿ ಎಲಿಜಬೆತ್ ಬೌಡನ್ ಕುರಿತ ನಮ್ಮ ಟಿಪ್ಪಣಿಯನ್ನು ಓದಿ ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ: “ಸಂಗೀತದಲ್ಲಿ ಹೆಣ್ಣು, ಗಂಡು, ಬಣ್ಣ ಎಂದು ಎಣಿಸುವುದೇಕೆ? ಹೈಡನ್‌ನ ಟ್ರಂಪೆಟ್ ಕೃತಿ ಇನ್ನೂರು ವರ್ಷ ತನ್ನ ಬಲದಿಂದಲೇ ನಿಂತಿದೆ. ಜೊಳ್ಳು ಹಾರುತ್ತದೆ, ಕಾಳು ತಾನಾಗಿ ಉಳಿಯುತ್ತದೆ.”

ಸಂಪಾದಕರ ಉತ್ತರ:

ಮಾನ್ಯರೇ,

ನೀವು ಹೈಡನ್‌ನ ಹೆಸರನ್ನೇ ಎತ್ತಿದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ. ಆ ಟ್ರಂಪೆಟ್ ಕನ್ಸರ್ಟೊ, ಎಂದರೆ ಒಬ್ಬ ವಾದಕ ವಾದ್ಯವೃಂದದೊಡನೆ ನುಡಿಸುವ ಕೃತಿ, ತನ್ನ ಬಲದಿಂದ ನಿಂತದ್ದಲ್ಲ. 1796ರಲ್ಲಿ ಆಸ್ಟ್ರಿಯದ ಸಂಗೀತ ರಚನಕಾರ ಹೈಡನ್ ಅದನ್ನು ಬರೆದದ್ದು ವಿಯೆನ್ನಾದ ಆಂಟನ್ ವೈಡಿಂಗರ್ ಎಂಬ ವಾದಕನಿಗಾಗಿ. ಆ ಕಾಲದ ಟ್ರಂಪೆಟ್ ಬರಿಯ ಉದ್ದನೆಯ ಕೊಳವೆ. ಅದರ ಕೆಳಗಿನ ಸ್ಥಾಯಿಯಲ್ಲಿ ಸ, ಗ, ಪ ಸಿಗುತ್ತಿದ್ದವು, ರಿ ಇರಲಿಲ್ಲ. ವೈಡಿಂಗರ್ ಕೊಳವೆಗೆ ರಂಧ್ರ ಕೊರೆದು ಕೀಲಿಗಳನ್ನು ಕೂರಿಸಿದ ವಾದ್ಯವನ್ನು ನುಡಿಸುತ್ತಿದ್ದ. ಹೈಡನ್ ಏನು ಮಾಡಿದ ಗೊತ್ತೇ? ಆರಂಭದ ವಾದ್ಯವೃಂದದ ನಡುವೆ ಟ್ರಂಪೆಟ್ಟಿಗೆ ಹಳೆಯ ವಾದ್ಯವೂ ನುಡಿಸಬಲ್ಲ ಒಂದೆರಡು ಸ್ವರಗಳನ್ನಷ್ಟೇ ಕೊಟ್ಟ. ಆಮೇಲೆ ವಾದಕ ಒಬ್ಬನೇ ಮುಂದೆ ಬಂದು ಸ-ರಿ-ಗ ಎಂದು ಮೂರು ಮೆಟ್ಟಿಲು ಹತ್ತುತ್ತಾನೆ. ಆ ಒಂದು ರಿಷಭ ಮೊದಲ ಸಲ ಕಿವಿಗೆ ಬಿದ್ದಾಗ ಸಭೆಗೆ ಹೇಗಾಗಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ವೈಡಿಂಗರ್ 1800ರಲ್ಲಿ ಅದನ್ನು ನುಡಿಸಿದ. ಅವನ ಕಾಲ ಮುಗಿಯಿತು, ಅವನ ವಾದ್ಯ ಮೂಲೆ ಸೇರಿತು, ಜೊತೆಗೆ ಹೈಡನ್‌ನ ಕೃತಿಯೂ. ಅದು ಅಚ್ಚಾದದ್ದೇ ಇಪ್ಪತ್ತನೆಯ ಶತಮಾನದಲ್ಲಿ. 1930ರ ದಶಕದ ಕೊನೆಗೆ ಲಂಡನ್ನಿನ ಟ್ರಂಪೆಟ್ ವಾದಕ ಜಾರ್ಜ್ ಎಸ್ಕ್‌ಡೇಲ್ ಅದರ ಎರಡು ಭಾಗಗಳನ್ನು ಧ್ವನಿಮುದ್ರಿಸಿದ ಮೇಲೆ ಜಗತ್ತು ಅದನ್ನು ಕೇಳಿತು. ಹುಮ್ಮೆಲ್ ಎಂಬ ಇನ್ನೊಬ್ಬ ರಚನಕಾರ 1803ರಲ್ಲಿ ಅದೇ ವೈಡಿಂಗರ್‌ಗೆ ಬರೆದ ಕನ್ಸರ್ಟೊ ಬಾಸ್ಟನ್ನಿನ ಟ್ರಂಪೆಟ್ ವಾದಕ ಆರ್ಮಾಂಡೋ ಗಿಟಾಲಾ ಅವರ ಧ್ವನಿಮುದ್ರಿಕೆಯಲ್ಲಿ ಹೊರಬರಲು 1964 ಆಗಬೇಕಾಯಿತು. ಇವೆರಡೂ ಗಟ್ಟಿಕಾಳುಗಳೇ. ಆದರೆ ಕೇರುವ ಕೈಯೊಂದು ಮೊರಕ್ಕೆ ಎತ್ತಿಕೊಳ್ಳುವವರೆಗೆ ಕಾಳು, ಜೊಳ್ಳು ಎರಡೂ ಮೂಟೆಯಲ್ಲೇ ಬಿದ್ದಿರುತ್ತವೆ.

ಬೌಡನ್ ಮಾಡುತ್ತಿರುವುದು ವೈಡಿಂಗರ್ ಮಾಡಿದ ಕೆಲಸವನ್ನೇ. ಸೆರಾಫ್ ಬ್ರಾಸ್ ಎಂಬ ಮಹಿಳೆಯರ ಹಿತ್ತಾಳೆ ವಾದ್ಯತಂಡವನ್ನು ಕಟ್ಟಿದವರು ಅವರು. ಕೆನಡಾದಲ್ಲಿ ಹುಟ್ಟಿದ ವಿವಿಯನ್ ಫಂಗ್, ಬ್ರೆಜಿಲ್‌ನಲ್ಲಿ ಹುಟ್ಟಿದ ಕ್ಲಾರಿಸ್ ಅಸ್ಸಾದ್ ಇಬ್ಬರೂ ಬೌಡನ್ ಅವರಿಗಾಗಿಯೇ ಟ್ರಂಪೆಟ್ ಕನ್ಸರ್ಟೊಗಳನ್ನು ಬರೆದಿದ್ದಾರೆ. ಅಸ್ಸಾದ್ ಅವರ ‘ಬೊಹೀಮಿಯನ್ ಕ್ವೀನ್’ಗೆ ಸ್ಫೂರ್ತಿ ಷಿಕಾಗೋದ ಚಿತ್ರಕಲಾವಿದೆ ಗರ್ಟ್ರೂಡ್ ಅಬರ್‌ಕ್ರೋಂಬಿ. ಟ್ರಂಪೆಟ್ಟಿನ ಮಾಂತ್ರಿಕ ಡಿಜ್ಜಿ ಗಿಲೆಸ್ಪಿ ಆಕೆಯ ಮನೆಗೆ ಬಂದುಹೋಗುತ್ತಿದ್ದ ಗೆಳೆಯ. ಆಕೆಯ ನೆನಪಿಗೆ ಬೇರೆ ಯಾವ ವಾದ್ಯ ಒಪ್ಪೀತು?

ಬೌಡನ್ ಪಾಠ ಹೇಳುವವರೂ ಆಗಿರುವುದು ನನಗೆ ಇನ್ನೂ ಮುಖ್ಯ. ವಿದ್ಯಾರ್ಥಿಗಳು ಹೈಡನ್, ಹುಮ್ಮೆಲ್, ಆರ್ಮೇನಿಯದ ಅರುತ್ಯುನ್ಯಾನ್ ಎಂದು ಅವೇ ಕೃತಿಗಳನ್ನು ತಿದ್ದಿ ತೀಡಿ ಪರೀಕ್ಷೆಗೆ ನಿಲ್ಲುತ್ತಾರೆ, ಮುಂದೆ ತಮ್ಮ ಶಿಷ್ಯರಿಗೂ ಅವನ್ನೇ ಕಲಿಸುತ್ತಾರೆ. ಆ ಸರಪಳಿಗೆ ಹೊಸ ಕೊಂಡಿಯನ್ನು ಪಾಠದ ಕೋಣೆಯಲ್ಲೇ ಬೆಸೆಯಬೇಕು. ಅಮೆರಿಕದ ದೊಡ್ಡ ವಾದ್ಯವೃಂದವೊಂದರಲ್ಲಿ ಹೆಣ್ಣುಮಗಳೊಬ್ಬಳು, ಸೇಂಟ್ ಲೂಯಿಸ್‌ನ ಸೂಸನ್ ಸ್ಲಾಟರ್, ಮೊದಲ ಬಾರಿಗೆ ಪ್ರಧಾನ ಟ್ರಂಪೆಟ್ ವಾದಕಿಯಾದದ್ದು 1973ರಲ್ಲಿ. ಅಲ್ಲಿಯವರೆಗೆ ಆ ಕುರ್ಚಿ ಯಾರ ಕೈಯಲ್ಲಿತ್ತು, ಕೃತಿಗಳನ್ನು ಆರಿಸಿದವರು ಯಾರು ಎಂದು ಕೇಳುವುದು ಪಕ್ಷಪಾತವೆನಿಸುವುದಿಲ್ಲ.

ನೀವು ಮೈಸೂರಿನವರು. ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಾಯಿಲೆಯಿಂದ ಕುಗ್ಗಿ, ಬಹುತೇಕ ಮರೆಯಾಗಿದ್ದಾಗ ಅವನ ಸಂಗೀತಕ್ಕಾಗಿ ಸಂಘವೊಂದನ್ನು ಪೋಷಿಸಿ, 1940ರ ದಶಕದ ಕೊನೆಯಲ್ಲಿ ಅವನು ತಾನೇ ನುಡಿಸಿದ ತನ್ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರ್. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ, 1951ರಲ್ಲಿ ತೀರಿಕೊಂಡ. ಆ ಮುದ್ರಣಗಳು ಇಂದಿಗೂ ಕೇಳಸಿಗುತ್ತವೆ.

ನಿಮ್ಮ ಒಂದು ಆತಂಕವನ್ನು ನಾನೂ ಒಪ್ಪುತ್ತೇನೆ: ಹೊಸದಾಗಿ ಬರೆಸಿದ್ದೆಲ್ಲವೂ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಆದರೆ ಕೇಳದೆ ತೀರ್ಪು ಬೇಡ. ಒಂದು ಸಂಜೆ ಹೈಡನ್‌ನ ಬೆನ್ನಿಗೇ ಅಸ್ಸಾದ್ ಅವರ ಕನ್ಸರ್ಟೊವನ್ನೂ ಕೇಳಿ. ಹಿಡಿಸದಿದ್ದರೆ ಎಲ್ಲಿ, ಏಕೆ ಎಂದು ಬರೆಯಿರಿ. ಆ ಪತ್ರವನ್ನೂ ಪೂರ್ತಿಯಾಗಿ ಪ್ರಕಟಿಸುತ್ತೇವೆ.